ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಪೇಸ್ಟಲ್ ನಿಸರ್ಗಚಿತ್ರ

ಚಿತ್ರಕಲೆಯನ್ನು ಹವ್ಯಾಸವಾಗಿ ಇಟ್ಟುಕೊಂಡಿರುವ ನಮ್ಮ ವಾಚಕರಲ್ಲಿ ಹೆಚ್ಚಿನವರು ದುಡಿಯುವ ಜನ. ಸಂಜೆ ಲೋಕಲ್ ಗಾಡಿಯಿಂದ ಸಯನ್ನಿನಲ್ಲಿ ಇಳಿಯುವ ಹೊತ್ತಿಗೆ ಬೆಳಕು ಹೋಗಿರುತ್ತದೆ. ಉಳಿಯುವುದು ಭಾನುವಾರವೊಂದೇ, ಅದರಲ್ಲಿಯೂ ಮುಂಬಯಿಯ ಮಳೆಗಾಲದಲ್ಲಿ ಬಯಲಿನಲ್ಲಿ ಕುಳಿತು ಪೇಸ್ಟಲ್ ಹಿಡಿಯುವಂತಿಲ್ಲ, ನಾಲ್ಕು ಹನಿ ಬಿದ್ದರೆ ಪುಡಿಬಣ್ಣವೆಲ್ಲ ಕಲೆಯಾಗುತ್ತದೆ. ಹೀಗಿರುವಾಗ ಛಾಯಾಚಿತ್ರವನ್ನು ನೋಡಿ ಚಿತ್ರ ಬರೆಯುವುದು ತಪ್ಪೇ ಎಂದು ಕೇಳುವವರುಂಟು. ತಪ್ಪಲ್ಲವೆಂದೇ ನಮ್ಮ ಉತ್ತರ. ಪೇಸ್ಟಲ್ಲಿನಲ್ಲಿ ಫ್ರಾನ್ಸಿನ ದೆಗಾನನ್ನು ಮೀರಿಸಿದವರು ವಿರಳ. ಆತ ತಾನೇ ಕ್ಯಾಮೆರಾ ಹಿಡಿದವನು. ಮೈಬ್ರಿಜ್ ತೆಗೆದ ಓಡುವ ಕುದುರೆಗಳ ಛಾಯಾಚಿತ್ರಗಳನ್ನು ಅಭ್ಯಾಸ ಮಾಡಿದವನು. ಆದರೆ ಅದೇ ದೆಗಾ 1892ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ನಿಸರ್ಗಚಿತ್ರಗಳನ್ನು ಬಹುಮಟ್ಟಿಗೆ ನೆನಪಿನಿಂದಲೇ ರಚಿಸಿದ್ದ. ಇನ್ನೊಂದು ಕಡೆ ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳ ಮುಂದೆಯೇ ನಿಂತು ಬಣ್ಣ ಹಾಕಿದವರು. ಛಾಯಾಚಿತ್ರದಿಂದ ಕೆಲಸ ಮಾಡುವವನಿಗೆ ಈ ಇಬ್ಬರ ಗುಣವೂ ಸ್ವಲ್ಪ ಸ್ವಲ್ಪ ಬೇಕು: ಸ್ಥಳಕ್ಕೆ ಹೋಗಿ ನೋಡುವ ಕಣ್ಣು, ನೋಡಿದ್ದನ್ನು ಮನೆಗೆ ತರುವ ನೆನಪು.

ಏಕೆಂದರೆ ಕ್ಯಾಮೆರಾ ನಮ್ಮ ಕಣ್ಣಿನಂತೆ ನೋಡುವುದಿಲ್ಲ. ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮ ಸಯನ್ ಗುಡ್ಡದ ಮೇಲಿನ ಕೋಟೆ ಆಂಜಿಯರ್ ಗವರ್ನರನಾಗಿದ್ದ 1669ರಿಂದ 1677ರ ಅವಧಿಯಲ್ಲಿ ಕಟ್ಟಿದ್ದು. ಆಗ ಇಲ್ಲಿಗೆ ಇಂಗ್ಲಿಷರ ನೆಲ ಮುಗಿದು ಆಚೆಗೆ ಸಾಷ್ಟಿ ಆರಂಭವಾಗುತ್ತಿತ್ತು. ಶೀವ ಎಂಬ ಮರಾಠಿ ಹೆಸರಿಗೂ ಎಲ್ಲೆಯೆಂದೇ ಅರ್ಥ. ಸಂಜೆ ಆ ಪಾಳುಗೋಡೆಯ ಬಳಿ ನಿಂತು ಪೂರ್ವಕ್ಕೆ ತಿರುಗಿದರೆ ಟ್ರಾಂಬೆ ಬೆಟ್ಟ ಗಂಭೀರವಾಗಿ ಎದ್ದು ನಿಂತಿರುತ್ತದೆ. ಮೊಬೈಲಿನಲ್ಲಿ ತೆಗೆದು ನೋಡಿರಿ. ಬೆಟ್ಟ ಒಂದು ಇರುವೆಸಾಲಿನಷ್ಟಾಗಿ, ಮುಂದಿನ ಗೋಡೆಯೇ ಚಿತ್ರವನ್ನೆಲ್ಲ ನುಂಗಿರುತ್ತದೆ. ಅದರ ಮಸೂರ ಅಗಲ ನೋಟದ್ದು, ಅದಕ್ಕೇ ಹೀಗೆ. ಆದ್ದರಿಂದ ಅಲ್ಲಿರುವಾಗಲೇ ಕೈ ನೀಡಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಬೆಟ್ಟದ ಎತ್ತರ ಗೋಡೆಯ ಎತ್ತರದ ಎಷ್ಟನೆಯ ಪಾಲು ಎಂಬುದನ್ನು ಅಳೆದು ಬರೆದುಕೊಳ್ಳಬೇಕು. ಎರಡೇ ನಿಮಿಷದ ಕೆಲಸ.

ಬೆಳಕಿನ ವಿಷಯದಲ್ಲಿ ಕ್ಯಾಮೆರಾದ ತೊಡಕು ಇನ್ನೂ ಹೆಚ್ಚು. ಗೋಡೆ ಚೆನ್ನಾಗಿ ಕಾಣಲೆಂದು ತೆಗೆದರೆ ಆಕಾಶ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಆಕಾಶಕ್ಕೆ ತೆಗೆದರೆ ನೆರಳುಗಳೆಲ್ಲ ಮಸಿ. ಅದನ್ನೇ ನಂಬಿ ಕರಿಯ ಕಡ್ಡಿ ತಿಕ್ಕಿದವರ ಚಿತ್ರಗಳಲ್ಲಿ ನೆರಳಿನ ಜಾಗದಲ್ಲಿ ಗುಂಡಿ ತೋಡಿದಂತೆ ಕಾಣುತ್ತದೆ. ಆ ಕರಿಗಲ್ಲಿನ ನೆರಳಿನಲ್ಲಿ ನಿಜವಾಗಿ ನೇರಳೆಯಿದೆ, ಪಾಚಿಯ ಹಸಿರಿದೆ, ನೆಲದಿಂದ ಪುಟಿದ ಕೆಂಪಿದೆ. ಅದಕ್ಕಾಗಿ ಒಂದೇ ಜಾಗದಿಂದ ಎರಡು ಛಾಯಾಚಿತ್ರ ತೆಗೆಯಿರಿ, ಒಂದು ಆಕಾಶಕ್ಕೆ, ಒಂದು ನೆರಳಿಗೆ. ಜೊತೆಗೆ ಅಂಗೈಯಗಲದ ಕಾಗದದಲ್ಲಿ ಗೀಚುಚಿತ್ರ ಮಾಡಿ ಬಣ್ಣಗಳ ಹೆಸರನ್ನು ಬರೆದಿಡಿರಿ. "ನೆರಳು, ಮಾಗಿದ ನೇರಳೆಹಣ್ಣು" ಎಂದು ಬರೆದರೂ ಸಾಕು, ಮನೆಯಲ್ಲಿ ಕಡ್ಡಿ ಆರಿಸುವಾಗ ಅದು ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ.

ಮನೆಗೆ ಬಂದ ಮೇಲೆ ಮೊದಲು ಆ ಛಾಯಾಚಿತ್ರವನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿರಿ. ಮೂರೋ ನಾಲ್ಕೋ ದೊಡ್ಡ ಆಕಾರಗಳು ಸಿಕ್ಕಿದರೆ ಅವೇ ಚಿತ್ರದ ಅಸ್ಥಿಪಂಜರ. ವಿದ್ಯುತ್ ತಂತಿ, ಜಾಹೀರಾತು ಹಲಗೆಗಳನ್ನೆಲ್ಲ ನಿರ್ದಾಕ್ಷಿಣ್ಯವಾಗಿ ಬಿಡಬಹುದು. ಬೂದು ಅಥವಾ ಮಣ್ಣಿನ ಬಣ್ಣದ ಒರಟು ಕಾಗದ ಒಳ್ಳೆಯದು, ನುಣುಪು ಕಾಗದದ ಮೇಲೆ ಪುಡಿ ನಿಲ್ಲುವುದಿಲ್ಲ. ಇದ್ದಿಲುಕಡ್ಡಿಯಿಂದ ತೆಳುವಾಗಿ ರೂಪರೇಖೆ ಹಾಕಿ, ಪೇಸ್ಟಲ್ ಕಡ್ಡಿಯನ್ನು ಅಡ್ಡ ಮಲಗಿಸಿ ಕಡುಬಣ್ಣಗಳನ್ನು ಮೊದಲು ಹರಡಿರಿ, ತಿಳಿಬಣ್ಣ ಆಮೇಲೆ. ದೂರದ ಬೆಟ್ಟಕ್ಕೆ ನೀಲಿ ಬೆರೆತ ಬೂದು. ಗಿಡಮರಗಳ ಹಸಿರು ಛಾಯಾಚಿತ್ರದಲ್ಲಿ ಒಂದೇ ಸಮನಾಗಿ ಅರಚುತ್ತದೆ. ಅಡಿಯಲ್ಲಿ ಇಟ್ಟಿಗೆಗೆಂಪು ಹಾಕಿ ಮೇಲೆ ಹಸಿರು ಎಳೆದರೆ ತಣ್ಣಗಾಗುತ್ತದೆ. ಬೆರಳಿನಿಂದ ಬಹಳ ಉಜ್ಜಬೇಡಿರಿ. ಉದುರಿದ ಪುಡಿಯನ್ನು ಬಾಯಿಂದ ಊದಲೂಬೇಡಿರಿ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂನಂಥ ವಿಷಾಂಶವಿರುತ್ತದೆ. ಹಲಗೆಯನ್ನು ಬಗ್ಗಿಸಿ ತಟ್ಟಿದರೆ ಸಾಕು.

ಅರ್ಧ ಕೆಲಸವಾದ ಮೇಲೆ ಛಾಯಾಚಿತ್ರವನ್ನು ಮುಚ್ಚಿಡಿರಿ. ಇದು ಎಲ್ಲಕ್ಕಿಂತ ಕಷ್ಟದ ಮಾತು, ನಾವು ಬಲ್ಲೆವು. ಅಲ್ಲಿಂದ ಮುಂದೆ ಕಾಗದದ ಮೇಲಿನ ಚಿತ್ರವೇ ಏನು ಬೇಕೆಂದು ಕೇಳಬೇಕು. ಅಳತೆಯಲ್ಲಿ ಸಂಶಯ ಬಂದರೆ ಮಾತ್ರ ಮತ್ತೆ ತೆರೆದು ನೋಡಿ ಮುಚ್ಚಬೇಕು.

ಛಾಯಾಚಿತ್ರಕ್ಕೆ ಇನ್ನೊಂದು ಉಪಯೋಗವಿದೆ, ಅದು ಈ ಊರಿನವರಿಗೆ ಚೆನ್ನಾಗಿ ಗೊತ್ತು. ಸಯನ್ ನಿಲ್ದಾಣದ ಬಳಿಯ 1912ರ ರಸ್ತೆ ಮೇಲ್ಸೇತುವೆಯನ್ನು ಹೊಸದಾಗಿ ಕಟ್ಟಲೆಂದು 2024ರ ಆಗಸ್ಟ್‌ನಲ್ಲಿ ವಾಹನಗಳಿಗೆ ಮುಚ್ಚಲಾಯಿತು. ಆ ಹಳೆಯ ಸೇತುವೆಯ ಮೇಲೆ ಮಳೆ ಬಿದ್ದ ಸಂಜೆಯನ್ನು ಇನ್ನು ಯಾರೂ ಸ್ಥಳದಲ್ಲಿ ಕುಳಿತು ಬರೆಯುವಂತಿಲ್ಲ. ಅದನ್ನು ಎಂದೋ ತೆಗೆದಿಟ್ಟ ಛಾಯಾಚಿತ್ರ ನಿಮ್ಮ ಮನೆಯಲ್ಲಿದ್ದರೆ ಅದು ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಬೇರೊಬ್ಬರು ತೆಗೆದದ್ದಾದರೆ ಅವರ ಒಪ್ಪಿಗೆ ಕೇಳಿರಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಛಾಯಾಚಿತ್ರವೂ ಕಲಾಕೃತಿಯೇ.

ಮುಗಿದ ಚಿತ್ರಕ್ಕೆ ಗಾಜಿನ ಚೌಕಟ್ಟು ಬೇಕು, ಆದರೆ ಗಾಜು ಬಣ್ಣಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಬೇಕು. ಮುಂಬಯಿಯ ತೇವಕ್ಕೆ ಕಾಗದ ಬೂಸುಗಟ್ಟುವುದು ಬೇಗ. ಹೊರಗೋಡೆಗೆ ತೂಗುಹಾಕದೆ ಒಳಗೋಡೆಗೆ ಹಾಕಿರಿ, ಮಳೆಗಾಲ ಕಳೆದ ಮೇಲೆ ಒಮ್ಮೆ ಇಳಿಸಿ ಹಿಂಬದಿಯನ್ನು ನೋಡಿರಿ.