ಮಣ್ಣಿನೊಳಗಣ ಔಷಧಶಾಲೆ

ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳ ಹೊಲಗಳ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನು ನಾವೆಲ್ಲರೂ ಬಲ್ಲೆವು. ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವವುಗಳಲ್ಲಿ ಪ್ರಮುಖವಾದವು ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಗಳು. ಪ್ರಕೃತಿಯಿಂದ ದೊರೆತ ಪ್ರತಿಜೀವಕಗಳಲ್ಲಿ ದೊಡ್ಡ ಪಾಲು ಇವುಗಳ ಮತ್ತು ಇವುಗಳ ಬಂಧುಗಳ ಕೊಡುಗೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಇಂತಹ ಬ್ಯಾಕ್ಟೀರಿಯದಿಂದಲೇ ದೊರೆಯಿತು. ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿದ್ದ ಎಂ. ಜೆ. ತಿರುಮಲಾಚಾರ್ ಅವರೂ ಅವರ ಸಹೋದ್ಯೋಗಿಗಳೂ ಪುಣೆಯ ಬಳಿಯ ಪಿಂಪ್ರಿಯಲ್ಲಿ ದುಡಿದು, ಶಿಲೀಂಧ್ರಗಳನ್ನು ಕೊಲ್ಲುವ ಹ್ಯಾಮೈಸಿನ್ನನ್ನು 1961ರಲ್ಲಿ ಪ್ರಕಟಪಡಿಸಿದರು. ಅದರ ಮೂಲವೂ ಸ್ಟ್ರೆಪ್ಟೊಮೈಸಿಸ್ಸೇ.

ಕಣ್ಣಿಗೆ ಕಾಣದ ಜೀವಿ ಇಷ್ಟು ಜಟಿಲವಾದ ಅಣುವನ್ನು ಕಟ್ಟುವುದು ಹೇಗೆ? ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಒಬ್ಬರು ಹೊಗೆಸೊಪ್ಪಿನ ಎಲೆಗಳನ್ನು ಕೀಳುತ್ತಾರೆ, ಇನ್ನೊಬ್ಬರು ಕೋಲಿಗೆ ಕಟ್ಟುತ್ತಾರೆ, ಮತ್ತೊಬ್ಬರು ಬ್ಯಾರನ್ನಿಗೇರಿಸಿ ಒಣಗಿಸುತ್ತಾರೆ. ಜೀವಕೋಶದಲ್ಲಿಯೂ ಕೆಲಸ ಹೀಗೆಯೇ ಹಂಚಿಕೆಯಾಗಿದೆ. ಅಲ್ಲಿ ಕೆಲಸಗಾರರೆಂದರೆ ಕಿಣ್ವಗಳು. ಅವನ್ನು ತಯಾರಿಸುವ ಆದೇಶಗಳೇ ವಂಶವಾಹಿಗಳು. ಒಂದು ಪ್ರತಿಜೀವಕಕ್ಕೆ ಬೇಕಾದ ವಂಶವಾಹಿಗಳು ಸಾಮಾನ್ಯವಾಗಿ ಡಿ.ಎನ್.ಎ. ಎಳೆಯ ಮೇಲೆ ಒತ್ತೊತ್ತಾಗಿ ಗುಂಪುಗೂಡಿರುತ್ತವೆ. ಎರಿತ್ರೊಮೈಸಿನ್ನಿನ ಮೂಲ ಚೌಕಟ್ಟನ್ನು ಕಟ್ಟುವ ಕಿಣ್ವಸಮೂಹದಲ್ಲಿ ಆರು ಘಟಕಗಳಿವೆ. ಪ್ರತಿಯೊಂದು ಘಟಕವೂ ಇಂಗಾಲದ ಸರಪಳಿಗೆ ಒಂದು ತುಣುಕನ್ನು ಸೇರಿಸಿ ಮುಂದಿನದಕ್ಕೆ ದಾಟಿಸುತ್ತದೆ.

ಹೊಸ ಪ್ರತಿಜೀವಕದ ಹುಟ್ಟು ಅಡಗಿರುವುದು ಇಲ್ಲಿಯೇ. ಒಂದು ಘಟಕ ಇಮ್ಮಡಿಯಾದರೆ, ಬದಲಾದರೆ ಅಥವಾ ಬೇರೊಂದು ಬ್ಯಾಕ್ಟೀರಿಯದಿಂದ ಬಂದು ಸೇರಿದರೆ ಅಣುವಿನ ರೂಪವೇ ಬೇರೆಯಾಗಬಹುದು. 1985ರಲ್ಲಿ ಇಂಗ್ಲೆಂಡಿನ ಹಾಪ್‌ವುಡ್ ಮತ್ತು ಸಂಗಡಿಗರು ಒಂದು ಪ್ರಭೇದದ ವಂಶವಾಹಿಗಳನ್ನು ಇನ್ನೊಂದಕ್ಕೆ ಸೇರಿಸಿ, ಎರಡರಲ್ಲಿಯೂ ಇಲ್ಲದ ಹೊಸ ಪ್ರತಿಜೀವಕಗಳನ್ನು ಪಡೆದು ತೋರಿಸಿದರು. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರಿನ ಡಿ.ಎನ್.ಎ. ಸಂಪೂರ್ಣವಾಗಿ ಓದಲ್ಪಟ್ಟಾಗ, ಪ್ರತಿಜೀವಕಗಳೂ ಅವುಗಳಂತಹ ಇತರ ವಸ್ತುಗಳೂ ತಯಾರಾಗುವ 20ಕ್ಕೂ ಹೆಚ್ಚು ಗುಂಪುಗಳು ಕಂಡುಬಂದುವು. ಇವುಗಳಲ್ಲಿ ಹಲವು ಪ್ರಯೋಗಾಲಯದಲ್ಲಿ ಮೌನವಾಗಿರುತ್ತವೆ. ಇವನ್ನು ಎಚ್ಚರಿಸುವುದೇ ಇಂದಿನ ಸಂಶೋಧಕರ ಮುಂದಿರುವ ಕೆಲಸ.

ಆದರೆ ವಿಷವನ್ನು ತಯಾರಿಸುವವನು ತನ್ನನ್ನೂ ಕಾಪಾಡಿಕೊಳ್ಳಬೇಕಷ್ಟೆ. ಆದುದರಿಂದ ಪ್ರತಿಜೀವಕದ ವಂಶವಾಹಿಗಳ ಪಕ್ಕದಲ್ಲಿಯೇ ಅದನ್ನು ತಡೆದುಕೊಳ್ಳುವ ವಂಶವಾಹಿಯೂ ಬಹುಮಟ್ಟಿಗೆ ಇರುತ್ತದೆ. ಅಂತಹವೇ ವಂಶವಾಹಿಗಳು ರೋಗಾಣುಗಳಲ್ಲಿಯೂ ಕಂಡುಬಂದಿವೆ. ಅವುಳ್ಳ ರೋಗಾಣುವಿನ ಮುಂದೆ ನಮ್ಮ ಮದ್ದು ನಿಷ್ಫಲವಾಗುತ್ತದೆ. ನಾವು ವೈದ್ಯರ ಸಲಹೆಯಿಲ್ಲದೆ ಮಾತ್ರೆ ನುಂಗಿದಷ್ಟೂ ಅಂತಹ ರೋಗಾಣುಗಳೇ ಉಳಿದು ಹೆಚ್ಚುತ್ತವೆ. ಮಣ್ಣು ಯುಗಯುಗಗಳಲ್ಲಿ ರೂಪಿಸಿದ ಮದ್ದನ್ನು ನಾವು ಕೆಲವೇ ದಶಕಗಳಲ್ಲಿ ವ್ಯರ್ಥಗೊಳಿಸಬಾರದು.