ಆಳಕ್ಕಿಳಿಯುವವನ ಮಣಿಕಟ್ಟಿನ ಗಣಕ

ಗೋಲಿಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಭುಸ್ಸೆಂದು ಮೇಲೇಳುವುದನ್ನು ನಾವೆಲ್ಲ ನೋಡಿದ್ದೇವೆ. ಸೀಸೆ ಮುಚ್ಚಿರುವಾಗ ಆ ಗುಳ್ಳೆಗಳು ಎಲ್ಲಿದ್ದವು? ಒತ್ತಡದ ಬಲದಿಂದ ಅನಿಲವು ನೀರಿನಲ್ಲಿ ಕರಗಿತ್ತು. ಒತ್ತಡ ಇಳಿಯಿತು, ಅನಿಲ ಹೊರಬಿತ್ತು. ಕರಗುವ ಅನಿಲದ ಪ್ರಮಾಣ ಒತ್ತಡವನ್ನು ಅನುಸರಿಸುತ್ತದೆಂದು ೧೮೦೩ರಲ್ಲಿ ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಹೆನ್ರಿ.

ಇದೇ ಕ್ರಿಯೆ ಮನುಷ್ಯನ ಶರೀರದಲ್ಲಿ ನಡೆದರೆ ಏನಾದೀತು? ಕೀಲುಗಳಲ್ಲಿ ತಾಳಲಾರದ ನೋವು, ಕೈಕಾಲುಗಳ ಸ್ವಾಧೀನ ತಪ್ಪುವುದು, ಕೆಲವೊಮ್ಮೆ ಮರಣ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯಕ್ಕಾಗಿ, ಒತ್ತಿದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ನದಿಯ ತಳದಲ್ಲಿ ದುಡಿದ ಕೂಲಿಗಳು ಈ ರೋಗಕ್ಕೆ ತುತ್ತಾದರು. ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ೧೮೭೨ರಲ್ಲಿ ಇದೇ ರೋಗದಿಂದ ನೆಲ ಹಿಡಿದನು. ಆಮೇಲೆ ಅವನ ಸೂಚನೆಗಳನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸಿದವಳು ಪತ್ನಿ ಎಮಿಲಿ. ಗುಳ್ಳೆಗಳು ಸಾರಜನಕದವು ಎಂಬುದನ್ನು ಫ್ರಾನ್ಸಿನ ಪಾಲ್ ಬೆರ್ ೧೮೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಿಳಿಸಿದನು.

ನಮ್ಮ ಕರಾವಳಿಯಲ್ಲಿ ಬಂಡೆಗಳಿಂದ ಪಚ್ಚಿಲೆ ಕೀಳಲು ಮುಳುಗುವವರಿಗೆ ಈ ತೊಂದರೆ ಯಾಕಿಲ್ಲ ಎಂದು ನೀವು ಕೇಳಬಹುದು. ಅವರು ಒಂದೇ ಉಸಿರಿನಲ್ಲಿ ಇಳಿದು ಬೇಗನೆ ಮೇಲೆ ಬರುತ್ತಾರೆ; ಕರಗಲು ಹೆಚ್ಚು ಅನಿಲವೂ ಇಲ್ಲ, ಕಾಲವೂ ಇಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳದಲ್ಲೇ ಉಸಿರಾಡುವವನ ಲೆಕ್ಕ ಬೇರೆ. ಸಮುದ್ರದಲ್ಲಿ ಪ್ರತಿ ೧೦ ಮೀಟರಿಗೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ೩೦ ಮೀಟರಿನಲ್ಲಿ ಒಟ್ಟು ೪ ವಾಯುಭಾರ. ಗಾಳಿಯಲ್ಲಿ ಸಾರಜನಕ ಶೇಕಡಾ ೭೯ ಎಂದು ಹಿಡಿದರೆ, ಅದರ ಪಾಲಿನ ಒತ್ತಡ ದಡದಲ್ಲಿ ೦.೭೯ ಇದ್ದದ್ದು ಅಲ್ಲಿ ೩.೧೬ ಆಗುತ್ತದೆ.

ಇದನ್ನು ಲೆಕ್ಕಕ್ಕೆ ತಂದವರು ಸ್ಕಾಟ್ಲೆಂಡಿನ ಜೆ. ಎಸ್. ಹಾಲ್ಡೇನ್. (ಇವರ ಮಗ ಜೆ. ಬಿ. ಎಸ್. ಹಾಲ್ಡೇನ್ ಭಾರತಕ್ಕೆ ಬಂದು ನೆಲೆಸಿ ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.) ತಂದೆ ಹಾಲ್ಡೇನರು ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಹೊರಗೆ ತಂದಾಗ ಯಾವುದು ಕುಂಟುತ್ತದೆಂದು ನೋಡುತ್ತಿದ್ದರು. ಪಾಪ, ಆ ಮೂಕಪ್ರಾಣಿಗಳ ಋಣ ಮುಳುಗುಗಾರರ ಮೇಲಿದೆ. ೧೯೦೮ರಲ್ಲಿ ಪ್ರಕಟವಾದ ಅವರ ಕೋಷ್ಟಕಗಳಲ್ಲಿ ಶರೀರವನ್ನು ಐದು ಕೊಠಡಿಗಳೆಂದು ಕಲ್ಪಿಸಲಾಗಿದೆ. ಒಂದು ಕೊಠಡಿ ಐದು ನಿಮಿಷದಲ್ಲಿ ಅರ್ಧ ತುಂಬಿದರೆ ಇನ್ನೊಂದಕ್ಕೆ ೭೫ ನಿಮಿಷ ಬೇಕು. ಐದು ನಿಮಿಷದ ಕೊಠಡಿಯನ್ನೇ ತೆಗೆದುಕೊಳ್ಳಿ: ೦.೭೯ರಿಂದ ೩.೧೬ರವರೆಗಿನ ಅಂತರ ೨.೩೭. ಐದು ನಿಮಿಷಕ್ಕೆ ಅದರ ಅರ್ಧ, ಇನ್ನೈದು ನಿಮಿಷಕ್ಕೆ ಉಳಿದುದರ ಅರ್ಧ, ಹೀಗೆ ತುಂಬುತ್ತಾ ಹೋಗುತ್ತದೆ. ಮೇಲೆ ಬರುವಾಗ ಖಾಲಿಯಾಗುವುದೂ ಇದೇ ಕ್ರಮದಲ್ಲಿ. ಆದುದರಿಂದ ಮುಳುಗುಗಾರನು ದಾರಿಯಲ್ಲಿ ನಿಂತು ನಿಂತು ಏರಬೇಕು. ಮುಂದೆ ಜ್ಯೂರಿಕ್‌ನ ವೈದ್ಯ ಬ್ಯೂಲ್‌ಮನ್ ಕೊಠಡಿಗಳನ್ನು ೧೬ಕ್ಕೆ ಏರಿಸಿದರು. ಮೊದಲನೆಯದು ನಾಲ್ಕೈದು ನಿಮಿಷದ್ದು, ಕೊನೆಯದು ೬೩೫ ನಿಮಿಷದ್ದು. ಇಷ್ಟು ಲೆಕ್ಕವನ್ನು ನೀರಿನೊಳಗೆ ಕ್ಷಣಕ್ಷಣಕ್ಕೂ ಮಾಡುವ ಗಣಕಗಳು ೧೯೮೩ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ಇವೇ ಡೈವ್ ಕಂಪ್ಯೂಟರುಗಳು. ಇಂದಿನವು ಕೈಗಡಿಯಾರದಂತೆ ಮಣಿಕಟ್ಟಿನಲ್ಲಿ ಕೂರುತ್ತವೆ.

ಹವಳ ಮೀನು ನೋಡಲು ಹದಿನೈದಿಪ್ಪತ್ತು ಮೀಟರ್ ಇಳಿಯುವವನಿಗೆ ಸಾಧಾರಣ ಗಣಕ ಸಾಕು. ಟೆಕ್ನಿಕಲ್ ಡೈವಿಂಗ್ ಎಂಬ ಕಠಿಣ ವಿದ್ಯೆಗೆ ಅದು ಸಾಲದು. ೬೦ ಮೀಟರಿನ ಉದಾಹರಣೆ ನೋಡೋಣ. ಅಲ್ಲಿ ೭ ವಾಯುಭಾರ. ಅಷ್ಟು ಒತ್ತಡದ ಸಾರಜನಕವು ಮದ್ಯದಂತೆ ಬುದ್ಧಿಯನ್ನು ಮಂಕುಗೊಳಿಸುತ್ತದೆ. ಅದಕ್ಕಾಗಿ ಶೇಕಡಾ ೧೮ ಆಮ್ಲಜನಕ, ೪೫ ಹೀಲಿಯಂ, ಉಳಿದ ೩೭ ಸಾರಜನಕದ ಮಿಶ್ರಣವನ್ನು ಒಯ್ಯುವುದುಂಟು. ಆಗ ಸಾರಜನಕದ ಪಾಲು ೨.೫೯ ಮಾತ್ರ, ಸಾದಾ ಗಾಳಿಯಲ್ಲಿ ಸುಮಾರು ೨೩ ಮೀಟರಿಗೆ ಇಳಿದಷ್ಟೇ. ಮೇಲೇರುವಾಗ ೨೧ ಮೀಟರಿನಲ್ಲಿ ಅರ್ಧ ಆಮ್ಲಜನಕವಿರುವ ಸಿಲಿಂಡರಿಗೂ ೬ ಮೀಟರಿನಲ್ಲಿ ಶುದ್ಧ ಆಮ್ಲಜನಕಕ್ಕೂ ಬದಲಾಯಿಸುತ್ತಾರೆ. ಸಾರಜನಕ, ಹೀಲಿಯಂ ಬೇಗ ಹೊರಹೋಗಲೆಂದು. ಕೊಳ್ಳುವವನು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಗಣಕಕ್ಕೆ ಹೀಲಿಯಂನ ಲೆಕ್ಕ ಬರುತ್ತದೆಯೇ, ಹಲವು ಅನಿಲಗಳನ್ನು ನೀರಿನೊಳಗೆ ಬದಲಾಯಿಸಬಹುದೇ? ಸಾಧಾರಣ ಗಣಕಗಳಲ್ಲಿ ಕೆಲವು ತಮ್ಮ ಮಿತಿ ಮೀರಿದೊಡನೆ ಮುನಿಸಿಕೊಂಡವರಂತೆ ಒಂದೆರಡು ದಿನ ಲೆಕ್ಕವನ್ನೇ ಹೇಳುವುದಿಲ್ಲ. ಆಳದಲ್ಲಿ ಸಿಕ್ಕಿಕೊಂಡವನಿಗೆ ಅದರಿಂದೇನು ಪ್ರಯೋಜನ?

ಎರಡನೆಯದಾಗಿ, ಎಚ್ಚರಿಕೆಯ ಪ್ರಮಾಣವನ್ನು ನಾವೇ ಗೊತ್ತುಮಾಡುವ ಅವಕಾಶವಿರಬೇಕು. ಗ್ರೇಡಿಯೆಂಟ್ ಫ್ಯಾಕ್ಟರ್ ಎಂಬ ಎರಡು ಸಂಖ್ಯೆಗಳಿವೆ. ೩೦/೭೦ ಎಂದಿಟ್ಟರೆ, ಆಳದ ಮೊದಲ ನಿಲುಗಡೆಯಲ್ಲಿ ಲೆಕ್ಕವು ಅನುಮತಿಸುವ ಅತಿಒತ್ತಡದ ಶೇಕಡಾ ೩೦ನ್ನೂ ಮೇಲೆ ತಲಪುವಾಗ ೭೦ನ್ನೂ ಮೀರಬಾರದೆಂದರ್ಥ. ಜೊತೆಗಾರರಿಬ್ಬರ ಗಣಕಗಳಲ್ಲಿ ಈ ಸಂಖ್ಯೆಗಳು ಬೇರೆಯಾದರೆ ಒಬ್ಬನು ಏರು ಎನ್ನುವಾಗ ಇನ್ನೊಬ್ಬನು ನಿಲ್ಲು ಎನ್ನುತ್ತಾನೆ.

ಬಣ್ಣ, ಅಂದಚೆಂದ ಗೌಣ. ದಪ್ಪ ಕೈಚೀಲ ತೊಟ್ಟ ಬೆರಳಿಗೆ ಗುಂಡಿ ಸಿಗಬೇಕು, ಕತ್ತಲಲ್ಲಿ ಅಂಕಿ ಕಾಣಬೇಕು. ಬ್ಯಾಟರಿಯನ್ನು ಸ್ವತಃ ಬದಲಾಯಿಸುವಂತಿದ್ದರೆ ದೂರದ ದ್ವೀಪಕ್ಕೆ ಹೋದವನಿಗೆ ಅನುಕೂಲ. ಸಿಲಿಂಡರಿನ ಒತ್ತಡವನ್ನು ತಂತಿಯಿಲ್ಲದೆ ತಿಳಿಸುವ ಸೌಕರ್ಯ ಚೆನ್ನಾಗಿಯೇ ಇದೆ, ಆದರೆ ಸಂಕೇತ ತಪ್ಪಬಹುದು. ಮುಳ್ಳಿನ ಮಾಪಕವೊಂದು ಇರಲಿ. ಬೆಲೆ ದುಬಾರಿ ನಿಜ. ಆದರೂ ಒಂದನ್ನಲ್ಲ, ಒಂದೇ ಲೆಕ್ಕದ ಎರಡನ್ನು ಕಟ್ಟಿಕೊಳ್ಳಬೇಕು. ಒಂದು ಕೆಟ್ಟರೆ ಮೇಲೆ ಬರುವ ದಾರಿಯ ನಿಲುಗಡೆಗಳು ಅದರೊಂದಿಗೇ ಮಾಯವಾಗುತ್ತವೆ.

ಗಣಕವು ಅಳೆಯುವುದು ನೀರಿನ ಒತ್ತಡವನ್ನು ಮತ್ತು ಕಾಲವನ್ನು. ಮೂಗುಬಾಯಿಗಳಿಗೆ ಯಾವ ಅನಿಲ ಹೋಗುತ್ತಿದೆಯೆಂದು ಸಾಮಾನ್ಯ ಉಪಕರಣದಲ್ಲಿ ಅದಕ್ಕೆ ಕಾಣದು. ಮುಳುಗುಗಾರ ಒತ್ತಿದ ಗುಂಡಿಯನ್ನೇ ಸತ್ಯವೆಂದು ನಂಬುತ್ತದೆ. ಅರ್ಧ ಆಮ್ಲಜನಕದ ಸಿಲಿಂಡರನ್ನು ಮರೆತು ೬೦ ಮೀಟರಿನಲ್ಲಿ ಬಾಯಿಗಿಟ್ಟರೆ ಆಮ್ಲಜನಕದ ಪಾಲು ೩.೫ ಆಗುತ್ತದೆ. ೧.೬ನ್ನು ಮೀರಬಾರದೆಂಬುದು ಕಟ್ಟುನಿಟ್ಟು. ಮೀರಿದರೆ ಸೆಳವು ಬಂದು, ಬಾಯಿಯ ಕೊಳವೆ ಜಾರಿ, ಮುಳುಗಿ ಸಾಯುವ ಅಪಾಯ. ಆಗಲೂ ಪರದೆಯಲ್ಲಿ ಎಲ್ಲವೂ ಸರಿಯೆಂದೇ ಇದ್ದೀತು. ಅದಕ್ಕಾಗಿಯೇ ಪ್ರತಿ ಸಿಲಿಂಡರಿನ ಮೇಲೂ ಬಳಸಬಹುದಾದ ಗರಿಷ್ಠ ಆಳವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಬದಲಾಯಿಸುವಾಗ ಜೊತೆಗಾರನಿಗೆ ತೋರಿಸುವ ಪದ್ಧತಿಯಿದೆ.

ದಡ ಸೇರಿದ ಮೇಲೂ ಲೆಕ್ಕ ಮುಗಿಯದು. ನಿಲುಗಡೆ ಬೇಕಾದಷ್ಟು ಆಳಕ್ಕೆ ಹೋದವನು ವಿಮಾನ ಹತ್ತಲು ೧೮ ಗಂಟೆಗಿಂತ ಸಾಕಷ್ಟು ಹೆಚ್ಚು ಕಾಯಬೇಕು. ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಮುಳುಗಿ, ಅದೇ ಸಂಜೆ ಘಟ್ಟ ಹತ್ತಿ ಸುಮಾರು ೯೦೦ ಮೀಟರ್ ಎತ್ತರದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟರೂ ಹೊರಗಿನ ಒತ್ತಡ ಹತ್ತರಲ್ಲೊಂದು ಪಾಲು ಇಳಿಯುತ್ತದೆ. ವಿಮಾನಕ್ಕಾಗಿ ಕಾಯಬೇಕಾದ ಗಂಟೆಗಳನ್ನು ಹಲವು ಗಣಕಗಳು ತಾವಾಗಿಯೇ ಎಣಿಸಿ ತೋರಿಸುತ್ತವೆ. ಕೊಳ್ಳುವ ಮೊದಲು ಇದನ್ನೂ ನೋಡಿಕೊಳ್ಳಬಹುದು.