ರಜೆಯಲ್ಲಿ ಬರೆಯೋದು ಎಷ್ಟು, ಸುಮ್ಮನಿರೋದು ಎಷ್ಟು?

ಪರೀಕ್ಷೆ ಮುಗಿದು ಊರಿನ ಬಸ್ ಹತ್ತುವಾಗ ನಮ್ಮ ಸಂಘದ ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ ಇರುತ್ತೆ. ರಜೆ ಮೂರು ವಾರ, ದಿನಕ್ಕೊಂದು ಕವನ ಅಂದ್ರೂ ಇಪ್ಪತ್ತಕ್ಕೆ ಮೋಸ ಇಲ್ಲ. ರಜೆ ಮುಗಿಸಿ ಬಂದಾಗ ನೋಡಿದ್ರೆ ಎರಡು ಬಗೆಯವರು ಸಿಗ್ತಾರೆ. ಒಂದು, ರಾತ್ರಿ ಎರಡರ ತನಕ ಮೊಬೈಲ್ ನೋಡಿ ಒಂದಕ್ಷರವೂ ಬರೆಯದವರು. ಇನ್ನೊಂದು, ಮೊದಲ ನಾಲ್ಕು ದಿನ ಭರ್ಜರಿಯಾಗಿ ಬರೆದು, ಐದನೇ ದಿನ ಬಿಟ್ಟು, "ನಮ್ ಕೈಲಿ ಆಗಲ್ಲ ಬಿಡು" ಅಂತ ಪೆನ್ನು ಮುಚ್ಚಿಟ್ಟವರು. ಬೇಸರ ಆಗೋದು ಎರಡನೆಯವರ ಬಗ್ಗೆ. ಮೊದಲ ವರ್ಷ ಚೆನ್ನಾಗಿ ಬರೀತಿದ್ದ ಕೆಲವರು ಈಗ ಸಂಘದ ಕಡೆ ತಲೆ ಹಾಕೋದೇ ಇಲ್ಲ. ಅದಕ್ಕೇ ಈ ಸಲದ ಪಾಠ ಛಂದಸ್ಸಿನ ಮೇಲಲ್ಲ, ರಜೆಯ ಮೇಲೆ.

ನಮ್ಮಲ್ಲಿ ಹೆಚ್ಚಿನವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಕಡೆಯವರು. ಹಾಗಾಗಿ ನಮ್ಮ ಬಸ್ಸು ಹೋಗುವ ದಾರಿಯಲ್ಲೇ ಉದಾಹರಣೆ ಹುಡುಕೋಣ.

ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಅವರನ್ನೇ ತಗೊಳ್ಳಿ. 'ಮೈಸೂರು ಮಲ್ಲಿಗೆ' ಬಂದದ್ದು 1942ರಲ್ಲಿ, ಅವರಿಗಾಗ 27 ವರ್ಷ. ಕವಿ ಅಂದ್ರೆ ದಿನವಿಡೀ ಕಿಟಕಿ ಪಕ್ಕ ಕೂತವರು ಅನ್ಕೊಂಡಿದ್ರೆ, ಇಲ್ಲ. ಅವರು ಸರ್ಕಾರಿ ಕಚೇರಿಯ ಗುಮಾಸ್ತರು. ಫೈಲು, ವರ್ಗಾವಣೆ, ಸಂಸಾರ ಎಲ್ಲದರ ನಡುವೆ ಬರೆದವರು. ಇನ್ನೊಂದು ಸಂಗತಿ ನಮಗೆ ಮುಖ್ಯ. ಅವರ 'ಮನೆಯಿಂದ ಮನೆಗೆ' ಸಂಕಲನ 1960ರದ್ದು. ಅದರ ನಂತರದ 'ತೆರೆದ ಬಾಗಿಲು' ಬಂದದ್ದು 1976ರಲ್ಲಿ. ನಡುವೆ ಹದಿನಾರು ವರ್ಷ! ಆ 'ತೆರೆದ ಬಾಗಿಲು'ಗೆ ಮರುವರ್ಷವೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹದಿನಾರು ವರ್ಷ ಅವರು ಸುಮ್ಮನೆ ಕೂತಿದ್ರು ಅಂತ ಇದರ ಅರ್ಥ ಅಲ್ಲ. ಕವಿತೆಯ ಹೊಸ ಸಂಕಲನ ಬರಲಿಲ್ಲ, ಅಷ್ಟೆ. ನಾವು ನಾಲ್ಕು ದಿನ ಬರೆಯದಿದ್ರೆ ನಮ್ಮೊಳಗಿನ ಕವಿ ಸತ್ತೋದ ಅಂತ ಸ್ಟೇಟಸ್ ಹಾಕ್ತೀವಿ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್ ಕೂಡ ಸೈನ್ಯ ಇಲಾಖೆಯ ಕಚೇರಿಯಲ್ಲಿ ನೌಕರಿ ಮಾಡಿದವರು. ಪ್ರಬಂಧ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಈಚಲು ಮರದ ಕೆಳಗೆ'. ಕೆ.ಆರ್.ಪೇಟೆ ತಾಲ್ಲೂಕಿನದೇ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ ಪ್ರಬಂಧ ಸಂಕಲನ 'ಹಗಲುಗನಸುಗಳು'. ಒಂದು ಮರದ ಕೆಳಗೆ, ಇನ್ನೊಂದು ಹಗಲುಗನಸು. ಹೆಸರು ಕೇಳಿದ್ರೆ ನಮ್ಮ ಮನೆಯವರು "ಏನೂ ಕೆಲ್ಸ ಇಲ್ವಾ ನಿಂಗೆ?" ಅಂತಾರೆ.

ಈಗ ಪಾಠದ ತಿರುಳಿಗೆ ಬರೋಣ. ಗ್ರಹಾಂ ವಾಲಸ್ ಅನ್ನುವ ಇಂಗ್ಲೆಂಡಿನ ಚಿಂತಕ 1926ರಲ್ಲಿ 'ದಿ ಆರ್ಟ್ ಆಫ್ ಥಾಟ್' ಅನ್ನೋ ಪುಸ್ತಕದಲ್ಲಿ ಹೊಸ ಯೋಚನೆ ಹುಟ್ಟೋದಕ್ಕೆ ನಾಲ್ಕು ಹಂತ ಹೇಳಿದ: ತಯಾರಿ, ಕಾವು, ಹೊಳೆಯೋದು, ಪರೀಕ್ಷಿಸೋದು. ಎರಡನೇ ಹಂತಕ್ಕೆ ಕೋಳಿ ಮೊಟ್ಟೆಗೆ ಕೂರೋದನ್ನ ನೆನಪು ಮಾಡ್ಕೊಳ್ಳಿ. ಹೊರಗಿಂದ ನೋಡಿದ್ರೆ ಕೋಳಿ ಏನೂ ಮಾಡ್ತಿಲ್ಲ. ಆದರೆ ಕೆಳಗೆ ಮೊಟ್ಟೆ ಇರಬೇಕಲ್ಲ! ಬರೀ ಬುಟ್ಟಿ ಮೇಲೆ ಕೂತ ಕೋಳಿಯಿಂದ ಮರಿ ಬರಲ್ಲ. ರಜೆಯಲ್ಲಿ ನಾವು ಮರೆಯೋದು ಇದನ್ನೇ. ಮೊದಲು ಸ್ವಲ್ಪ ಬರೆದಿರಬೇಕು, ಕೆಟ್ಟದಾಗಿಯೇ ಆಗಲಿ. ಆಮೇಲೆ ಬಿಟ್ಟು ಎದ್ದರೆ ಅದು ವಿಶ್ರಾಂತಿಯೂ ಹೌದು, ಕೆಲಸವೂ ಹೌದು. ಏನನ್ನೂ ಬರೆಯದೆ "ಮೂಡ್ ಬರ್ಲಿ" ಅಂತ ಕಾಯೋದು ಎರಡೂ ಅಲ್ಲ.

ಹಾಗಾದ್ರೆ ಎಷ್ಟು ಬರೆಯೋದು? ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರೊಲೊಪ್ ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಕೂತು, ಗಡಿಯಾರ ಎದುರಿಗಿಟ್ಟು, ಹದಿನೈದು ನಿಮಿಷಕ್ಕೆ 250 ಪದ ಬರೀತಿದ್ದನಂತೆ. ದಯವಿಟ್ಟು ಇದನ್ನ ಮಾಡೋಕೆ ಹೋಗಬೇಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡದಲ್ಲಿ ಒಂದು ಪುಟ ಬರೆಯೋಕೇ ಬೆವರು ಬರುತ್ತೆ. ನಾವು ಒಪ್ಪಿಕೊಂಡ ಅಳತೆ ದಿನಕ್ಕೆ 25 ನಿಮಿಷ. ಗಡಿಯಾರದ ಹೊತ್ತಿಗಿಂತ ಮನೆಯ ಕೆಲಸಕ್ಕೆ ಗಂಟು ಹಾಕಿದ್ರೆ ಒಳ್ಳೇದು: ಡೈರಿಗೆ ಹಾಲು ಹಾಕಿ ಬಂದ ಮೇಲೆ, ತಿಂಡಿಗೆ ಮುಂಚೆ. ಆ ಹೊತ್ತಲ್ಲಿ ಅಮ್ಮ ಅಡುಗೆಮನೆಯಲ್ಲಿರ್ತಾರೆ, ನೆಂಟರು ಇನ್ನೂ ಬಂದಿರಲ್ಲ. 25 ನಿಮಿಷ ಆದ ತಕ್ಷಣ ವಾಕ್ಯ ಅರ್ಧದಲ್ಲಿದ್ರೂ ಏಳಿ. ಮುಂದೇನು ಅಂತ ಗೊತ್ತಿರುವಾಗಲೇ ನಿಲ್ಲಿಸಿದ್ರೆ ನಾಳೆ ಖಾಲಿ ಹಾಳೆ ಹೆದರಿಸಲ್ಲ.

ಹಬ್ಬದ ದಿನ ರಜೆ, ಪೂರ್ತಿ ರಜೆ. ಸಂಕ್ರಾಂತಿ ದಿನ ದನ ತೊಳೆದು, ಎಳ್ಳು ಬೀರಿ, ಸಂಜೆ ಕಿಚ್ಚು ಹಾಯಿಸುವಾಗ ಯಾರೂ ನೋಟ್‌ಬುಕ್ ಹಿಡ್ಕೊಂಡು ನಿಲ್ಲಬೇಡಿ, ಚೆನ್ನಾಗಿರಲ್ಲ. ಆಲೆಮನೆಗೆ ಹೋದ್ರೂ ಅಷ್ಟೆ. ಬಿಸಿ ಬೆಲ್ಲ ತಿನ್ನಿ, ಬನ್ನಿ.

ಮೊಬೈಲ್ ಸ್ಕ್ರೋಲ್ ಮಾಡೋದನ್ನ ನಾವು ವಿಶ್ರಾಂತಿ ಲೆಕ್ಕಕ್ಕೆ ಸೇರಿಸಿಲ್ಲ. ಇದರ ಬಗ್ಗೆ ಸಂಘದಲ್ಲಿ ಜಗಳವೇ ಆಯ್ತು. ನಮ್ಮ ವಾದ ಇಷ್ಟು: ಕಾವಿಗೆ ತಲೆ ಖಾಲಿ ಇರಬೇಕು, ರೀಲ್ಸ್ ಅದನ್ನ ಬೇರೆಯವರ ಮಾತಿಂದ ತುಂಬಿಬಿಡುತ್ತೆ. ನಿದ್ದೆ, ನಾಲೆ ಏರಿ ಮೇಲಿನ ನಡಿಗೆ, ಜಗಲಿ ಮೇಲಿನ ಹರಟೆ, ಇವು ವಿಶ್ರಾಂತಿ.

ಹರಟೆಯಿಂದ ನಮಗೆ ಇನ್ನೊಂದು ಲಾಭ ಇದೆ. ನಮ್ಮ ಕನ್ನಡ ತರಗತಿಯಿಂದ ಬಂದದ್ದು ಕಡಿಮೆ, ಮನೆಯಿಂದ ಬಂದದ್ದೇ ಹೆಚ್ಚು. ಅಜ್ಜಿ 'ಹೊತ್ತಾರೆ' ಅಂದ್ರೆ ಬೆಳಗಿನ ಹೊತ್ತು, 'ಬೈಗು' ಅಂದ್ರೆ ಸಂಜೆ. ಹಾಸ್ಟೆಲ್‌ನಲ್ಲಿ ಈ ಪದ ಯಾರು ಆಡ್ತಾರೆ? ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು. ಹಳ್ಳಿ ಜನರ ಹಾಡುಗಳನ್ನು ಕೇಳಿ ಕೇಳಿ ಸಂಗ್ರಹಿಸಿದರು, ಕೊನೆಗೆ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಬೆಂಗಳೂರಿಗೆ ಹೋಗುವಾಗ ನಾವೆಲ್ಲ ಬಸ್ಸಿಂದ ನೋಡೋ ಬೋರ್ಡು ಅದೇ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಹೆಸರನ್ನು ತಮ್ಮ ಹೆಸರಲ್ಲೇ ಇಟ್ಟುಕೊಂಡ ಜಿ. ವೆಂಕಟಸುಬ್ಬಯ್ಯನವರು ನಿಘಂಟು ಕೆಲಸದ ಜೊತೆ 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಒಂದೊಂದೇ ಪದದ ಪ್ರಶ್ನೆಗೆ ಉತ್ತರ ಕೊಟ್ಟರು. ಕಿವಿ ತೆರೆದಿಟ್ಟು ಕೂರೋದೂ ಬರವಣಿಗೆಯ ಕೆಲಸವೇ ಅನ್ನೋಕೆ ನಮಗೆ ಇವರಿಬ್ಬರು ಸಾಕು.

ಅಭ್ಯಾಸ ಹೀಗೆ. ರಾತ್ರಿ ಮಲಗೋ ಮುಂಚೆ ಆ ದಿನ ಕೇಳಿದ್ದು, ನೋಡಿದ್ದು ಒಂದೆರಡು ಸಾಲು ಗೀಚಿ. ಉದಾಹರಣೆಗೆ:

"ಕಿಚ್ಚು. ನಮ್ ಕರಿ ಎತ್ತು ಹಾಯಲಿಲ್ಲ. ತಾತ ಬೈಲಿಲ್ಲ."

ಅಷ್ಟೇ, ಮಲಗಿ. ಎರಡು ದಿನ ಬಿಟ್ಟು, ಬೆಳಗಿನ 25 ನಿಮಿಷದಲ್ಲಿ ಅದನ್ನೇ ಬಿಡಿಸಿ:

"ಎಲ್ಲರ ಎತ್ತೂ ಬೆಂಕಿ ದಾಟಿದವು. ನಮ್ಮ ಕರಿಯ ಮಾತ್ರ ಕಾಲೂರಿ ನಿಂತ. ಹುಡುಗರು ಕೂಗಿದರು, ಬಾಲ ತಿರುವಿದರು. ತಾತ ಹಗ್ಗ ಸಡಿಲ ಬಿಟ್ಟು, 'ಅವನಿಗೂ ವಯಸ್ಸಾಯ್ತು ಕನಪ್ಪಾ' ಅಂದು, ಬೆಂಕಿಯ ಪಕ್ಕದಿಂದ ನಿಧಾನಕ್ಕೆ ಮನೆ ಕಡೆ ನಡೆಸಿಕೊಂಡು ಹೋದರು."

ಗಮನಿಸಿ, 'ಅವನಿಗೂ' ಅನ್ನೋ ಮಾತು ಮೊದಲ ನೋಟಿನಲ್ಲಿ ಇರಲಿಲ್ಲ. ಕೂತ ರಾತ್ರಿಯೇ ಕವನ ಮಾಡಿದ್ದರೆ ಬೆಂಕಿ, ಜ್ವಾಲೆ, ಸಂಸ್ಕೃತಿ ಅಂತ ಏನೇನೋ ದೊಡ್ಡ ಪದ ಬಂದು ತಾತ ಕಾಣೆಯಾಗ್ತಿದ್ರು.

ಕಾಲೇಜು ತೆರೆದ ವಾರದ ಮೊದಲ ಸಭೆಗೆ ಮುಗಿಸಿದ ಕವನ, ಕಥೆ ಬೇಕಾಗಿಲ್ಲ. ರಾತ್ರಿ ಗೀಚಿದ ನೋಟುಗಳಲ್ಲಿ ಐದು, ಬಿಡಿಸಿ ಬರೆದದ್ದು ಒಂದು, ಮನೆಯಲ್ಲಿ ಕೇಳಿ ಬಂದ ಹತ್ತು ಪದ ತನ್ನಿ. ನಾಗಮಂಗಲದವರ ಪದ ಶ್ರೀರಂಗಪಟ್ಟಣದವರಿಗೆ ಎಷ್ಟು ಗೊತ್ತಿದೆ ಅಂತ ಅಲ್ಲೇ ನೋಡೋಣ.